ಎಡಗೈಗೊಂದು ಹಂಚು

ಅನಗೋಳದ ಗಂಗಾದೇವಿಗೆ ಓದು ಬರಹ ಗೊತ್ತಿರಲಿಲ್ಲ. ಆದರೆ ಮನೆಯೊಳಗಿನ ಯಾವುದಾದರೂ ವಸ್ತು ಅಲುಗಾಡಿದರೆ, ಅದು ಯಾಕೆ ಅಲುಗಾಡುತ್ತದೆ ಎಂದು ಅದರ ಮುಂದೆ ಕೂತು ನೋಡುವ ಚಟ ಅವಳಿಗಿತ್ತು. ಬೀಸುಕಲ್ಲಿನ ಗೂಟ ಸಡಿಲಾದರೆ ಬಡಿಗನಿಗೆ ಹೇಳಿಕಳಿಸುತ್ತಿರಲಿಲ್ಲ. ಹಳೆಯ ಸೀರೆಯ ಅಂಚು ಸುತ್ತಿ ತಾನೇ ಬಿಗಿ ಮಾಡುತ್ತಿದ್ದಳು. ಗಂಡ ಗುರುಪುತ್ರಪ್ಪ ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಾಳುಕಡಿಯ ಅಂಗಡಿಯೊಂದರಲ್ಲಿ ತೂಕ ಮಾಡುತ್ತಿದ್ದ. “ನಮ್ಮ ಮನ್ಯಾಗ ಬಡಿಗ್ಯಾ ಸೀರಿ ಉಡ್ತಾನ್ರಿ” ಎಂದು ಗಿರಾಕಿಗಳನ್ನು ನಗಿಸುತ್ತಿದ್ದ.

ಊರಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮರುವರ್ಷ, ಅಂದರೆ ೧೯೨೫ರಲ್ಲಿ, ದೀಪಾವಳಿ ಮುಗಿದ ನಾಲ್ಕನೇ ದಿನ ಅವಳ ಅತ್ತೆ ಬಸವಣ್ಣೆವ್ವ ಎಂದಿನಂತೆ ಲಿಂಗಪೂಜೆಗೆ ಕೂತಳು. ಎರಡು ವರ್ಷದಿಂದ ಅವಳ ಕೈ ನಡುಗುತ್ತಿತ್ತು. ಅವತ್ತು ಬಲಗೈಯಿಂದ ನೀರೆರೆಯುವಾಗ ಎಡ ಅಂಗೈಯ ಮೇಲಿದ್ದ ಇಷ್ಟಲಿಂಗ ಜಾರಿತು. ನೆಲಕ್ಕೆ ಬೀಳಲಿಲ್ಲ, ತೊಡೆಯ ಮೇಲಿನ ಸೀರೆಯ ಮಡಿಕೆಯಲ್ಲಿ ಬಿತ್ತು. ಲಿಂಗ ಕೈತಪ್ಪಬಾರದು ಎಂದು ಅರವತ್ತು ವರ್ಷ ನಡೆದುಕೊಂಡು ಬಂದವಳಿಗೆ ಅಷ್ಟೇ ಸಾಕಾಯಿತು.

ಮಠದ ಚನ್ನಬಸಯ್ಯನವರು ಬಂದು, “ಸೀರ್ಯಾಗ ಬಿದ್ದದ್ದು ಬಿದ್ದಂಗಲ್ಲವ್ವಾ, ಮನಸಿಗೆ ಹಚ್ಕೋಬ್ಯಾಡ” ಎಂದರು. ಬಸವಣ್ಣೆವ್ವ ತಲೆಯಾಡಿಸಿದಳು. ಮಾರನೇ ದಿನದಿಂದ ಮಾತ್ರ, ಕೈ ತಾನಾಗಿ ಸುಮ್ಮನಾಗುವ ತನಕ ಲಿಂಗವನ್ನು ಕರಡಿಗೆಯಿಂದ ತೆಗೆಯಲಿಲ್ಲ. ಕೆಲವು ದಿನ ಅದು ಮಧ್ಯಾಹ್ನವಾಗುತ್ತಿತ್ತು, ಕೆಲವು ದಿನ ಇಳಿಹೊತ್ತು. ಪೂಜೆಯಾಗದೆ ಅವಳು ಒಂದು ಗುಟುಕು ನೀರೂ ಕುಡಿಯುವವಳಲ್ಲ. ಅತ್ತೆ ಉಣ್ಣದೆ ಸೊಸೆಯೂ ಉಣ್ಣಲಿಲ್ಲ. ಗುರುಪುತ್ರಪ್ಪ ನಿನ್ನಿನ ರೊಟ್ಟಿ ಕಟ್ಟಿಕೊಂಡು ಪೇಟೆಗೆ ಹೋಗುತ್ತಿದ್ದ. ಆ ಮನೆಯಲ್ಲಿ ಬೆಳಗಿನ ಒಲೆ ಹೊತ್ತಿಸುವುದೇ ನಿಂತಿತು. ತಿಂಗಳು ತುಂಬುವುದರೊಳಗೆ ಬಸವಣ್ಣೆವ್ವನ ಕುಪ್ಪಸದ ತೋಳು ಜೋಲತೊಡಗಿತು.

ಗಂಗಾದೇವಿ ಕೆಳಗಿನಿಂದ ಕೈಗೆ ಕೈ ಕೊಟ್ಟು ಹಿಡಿಯುತ್ತೇನೆಂದಳು. ಅತ್ತೆ ಒಪ್ಪಲಿಲ್ಲ. “ನನ್ನ ಲಿಂಗಕ್ಕ ನನ್ನ ಕೈ” ಎಂದಳು. ಆಮೇಲೆ ಸೊಸೆ ಕೊಡ ಹೊರುವ ಸಿಂಬಿಯನ್ನು ಮೊಳಕೈ ಕೆಳಗಿಟ್ಟಳು. ಬಟ್ಟೆ ನೀರು ಕುಡಿದು ಕುಸಿಯಿತು. ಹಲಗೆಯ ತುಂಡು ಇಟ್ಟರೆ ನಡುಗುವ ಕೈ ಅದರ ಮೇಲೆ ಟಕಟಕ ಬಡಿಯಿತು. ಒಂದು ದಿನ ಹಿತ್ತಲಲ್ಲಿ ಮಗುಚಿ ಬಿದ್ದಿದ್ದ ನಾಡಹಂಚು ಕಣ್ಣಿಗೆ ಬಿತ್ತು. ಸೀಳಿದ ಬಿದಿರಿನಂಥ ಹಂಚು. ಒಂದು ತೋಳು ಮಲಗುವಷ್ಟೇ ತಗ್ಗು. ತೊಳೆದು ತಂದು ಅತ್ತೆಯ ಮುಂಗೈಯನ್ನು ಅದರಲ್ಲಿಟ್ಟಳು. ಕೈ ಅರ್ಧ ಸುಮ್ಮನಾಯಿತು. ಆದರೆ ಮಣಿಕಟ್ಟು ಹೊರಗೆ ಜೋತುಬಿತ್ತು, ಹಂಚಿನ ಅಂಚು ಚರ್ಮಕ್ಕೆ ಒತ್ತಿತು.

“ಮಾಳಗಿ ಹಂಚ ಅವ್ವನ ಕೈಗೆ ಹಾಕಿದಿ” ಎಂದ ಗುರುಪುತ್ರಪ್ಪ. “ನಾಳೆ ಮಳಿ ಬಂದ್ರ ಮಾಳಗಿ ಮ್ಯಾಲ ಏನ ಹಾಕ್ತಿ, ನನ್ನ?”

“ನೀವು ಸೋರ್ತೀರಿ” ಎಂದಳು ಗಂಗಾದೇವಿ, ಹಂಚಿನಿಂದ ಕಣ್ಣು ತೆಗೆಯದೆ.

ಕೈಯ ಆಕಾರಕ್ಕೆ ಬಾಗಿದ, ಅಂಗೈಗೂ ಜಾಗವಿರುವ ಹಂಚು ಬೇಕು ಎಂದು ಅವಳಿಗೆ ಹೊಳೆದದ್ದು ಆಗ. ಹೀಗೆ ಮಾಡಿದರೆ ತಪ್ಪೇ ಎಂದು ಚನ್ನಬಸಯ್ಯನವರನ್ನು ಕೇಳಿದಳು. ಅವರು, “ಲಿಂಗ ಕೈಯಾಗ ಇರತೈತಿ. ಕೈ ಯಾತರ ಮ್ಯಾಲ ಐತಿ ಅಂತ ಇಲ್ಲೀತನಕ ಯಾರೂ ಕೇಳಿಲ್ಲ. ನಾನರ ಯಾಕ ಕೇಳ್ಲಿ?” ಎಂದರು.

ಮನೆಯ ನೀರಿನ ಹರವಿ ಖಾನಾಪುರದ ಕುಂಬಾರ ಪಾಂಡುರಂಗ ಮಾಡಿದ್ದು. ಅವನ ಮಣ್ಣು ಒಡೆಯುವುದಿಲ್ಲವೆಂಬ ನಂಬಿಕೆ. ಗಂಗಾದೇವಿ ಅತ್ತೆಯ ಎಡಗೈಯನ್ನು ದಾರದಿಂದ ಅಳೆದು, ಮೊಳಕೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನ ಸುತ್ತಳತೆಗೆ, ಅಂಗೈಯ ಅಗಲಕ್ಕೆ ಬೇರೆ ಬೇರೆ ಗಂಟು ಹಾಕಿಕೊಂಡು ರೈಲು ಹತ್ತಿದಳು. ದೇಸೂರು ಸ್ಟೇಷನ್ ದಾಟುವ ತನಕ ದಾರ ಮುಷ್ಟಿಯಲ್ಲೇ ಇತ್ತು.

“ವೈನಿ, ಗಡಿಗಿ ಕೇಳ್ರಿ, ಪಣತಿ ಕೇಳ್ರಿ” ಎಂದ ಪಾಂಡುರಂಗ. ಮನೆಯಲ್ಲಿ ಮರಾಠಿ, ಗಿರಾಕಿಗಳ ಜೊತೆ ಕನ್ನಡ. “ಕೈ ಮಲಗ್ಸೂ ತೊಟ್ಲಾ ನಾ ಯಾವತ್ತೂ ಮಾಡಿಲ್ಲ, ಖರೇ ಹೇಳ್ತೀನಿ.”

“ನಾನೂ ಯಾವತ್ತೂ ಮಾಡ್ಸಿಲ್ಲ. ಇಬ್ಬರಿಗೂ ಹೊಸಾದು ಆತಲ್ಲ.”

ಅವನು ದಾರದ ಗಂಟು ಎಣಿಸಿ ನೋಡಿದ. ಒಣಗಿ ಸುಟ್ಟ ಮೇಲೆ ಮಣ್ಣು ಕುಗ್ಗುತ್ತದೆಂದು ಎರಡು ಬೆರಳು ಹೆಚ್ಚಿಗೆ ಹಿಡಿದ. “ದಾರ ಉದ್ದ ಹೇಳತೈತಿ, ಆಕಾರ ಹೇಳೂದಿಲ್ಲ. ಇದರಾಗ ನಿಮ್ಮ ಕೈ ಇಟ್ಟ ತೋರಸ್ರಿ” ಎಂದು ಹಸಿ ಮಣ್ಣಿನ ಮುದ್ದೆ ಮುಂದಿಟ್ಟ.

ಕೊಡುವುದು, ತೆಗೆದುಕೊಳ್ಳುವುದು, ಹೊಸ್ತಿಲಿಗೆ ವಿಭೂತಿ ಹಚ್ಚುವುದು, ಎಲ್ಲವನ್ನೂ ಬಲಗೈಯಿಂದ ಮಾಡಿದ ಹೆಂಗಸು ಅವಳು. ಪೂಜೆಯ ಸಾಮಾನಿಗೆ ಅಳತೆ ಕೊಡಬೇಕಾದಾಗ ಬಲಗೈ ತಾನಾಗಿ ಮುಂದೆ ಬಂತು. ತಾನೂ ದಿನಾ ಎಡಗೈಯಲ್ಲಿ ಲಿಂಗ ಹಿಡಿಯುವವಳೇ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಪಾಂಡುರಂಗನಿಗೆ ಗೊತ್ತಾಗುವ ಮಾತೇ ಇರಲಿಲ್ಲ. ಅವನ ದೇವರು ಗೋಡೆಯ ಗೂಡಿನಲ್ಲಿದ್ದ. ಅವನು ಮಣ್ಣಿನ ಗುರುತು ನೋಡಿ ಹೆಬ್ಬೆರಳಿಗೆ ಒಂದು ಕಟ್ಟೆ ಎತ್ತಿದ, ತೋಳಿನ ಓರೆಗೆ ಹಂಚನ್ನು ಬಾಗಿಸಿದ, ಕೆಳಗೆ ಗೇಣೆತ್ತರದ ಟೊಳ್ಳು ಪೀಠ ಕೂಡಿಸಿದ.

ಹದಿನೆಂಟು ದಿನಕ್ಕೆ ಸುಟ್ಟು ಕೆಂಪಾದ ಹಂಚನ್ನು ಗಂಗಾದೇವಿ ಹುಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತಂದಳು. ಮರುದಿನ ಬೆಳಿಗ್ಗೆ ಅತ್ತೆಯ ಮುಂದಿಟ್ಟಳು. ಬಸವಣ್ಣೆವ್ವ ಎಡಗೈ ಚಾಚಿದಳು. ಹೆಬ್ಬೆರಳಿಗೆ ಜಾಗವಿರಲಿಲ್ಲ. ಅದರ ಕಟ್ಟೆಯ ಮೇಲೆ ಕಿರುಬೆರಳು ಕೂತಿತು. ಮೊಳಕೈ ಎದೆಯಿಂದ ದೂರ ಸರಿದು ನಿಂತಿತು. ಬಸವಣ್ಣೆವ್ವ ಎಡಗೈ ತೆಗೆದು ಬಲಗೈ ಇಟ್ಟಳು. ಅದು ಸರಿಯಾಗಿ ಕೂತಿತು.

“ಇದು ನಿನ್ನ ಕೈ ಐತವ್ವಾ” ಎಂದಳು. “ನಂದಲ್ಲ.”

ಅವತ್ತು ಕೈ ಸುಮ್ಮನಾಗಲೇ ಇಲ್ಲ. ದೀಪ ಹಚ್ಚುವ ಹೊತ್ತಾದರೂ ಕರಡಿಗೆ ತೆರೆಯಲಿಲ್ಲ, ಇಬ್ಬರೂ ಉಣ್ಣಲಿಲ್ಲ. ಗುರುಪುತ್ರಪ್ಪ ಮನೆಗೆ ಬಂದು, ಹಂಚನ್ನು ನೋಡಿ, ಏನೋ ಚೇಷ್ಟೆ ಮಾಡಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಬೆಳಗಾದ ಮೇಲೆ ಗಂಗಾದೇವಿ, “ಅತ್ತೀ, ನೀವ ಬರಬೇಕು. ನಿಮ್ಮ ಕೈಯ ಅಳತಿ ನಿಮ್ಮ ಕೈಯೇ ಕೊಡಬೇಕು” ಎಂದಳು.

ಲಿಂಗ ಜಾರಿದ ಮೇಲೆ ಬಸವಣ್ಣೆವ್ವ ಹೊಸ್ತಿಲು ದಾಟಿರಲಿಲ್ಲ. “ಕೈ ತಪ್ಪಿದಾಕಿ ನಾಕ ಮಂದ್ಯಾಗ ಹೆಂಗ ತಿರಗ್ಯಾಡ್ಲಿ?”

“ನಿಮಗ ಕೈ ತಪ್ಪೇತಿ, ನನಗ ಬುದ್ಧಿ ತಪ್ಪೇತಿ. ತಪ್ಪಿದವರಿಬ್ಬರೂ ಕೂಡೇ ಹೋಗೂಣು ಬರ್ರಿ.”

ಮುದುಕಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು. ಅದೇ ಅವಳನ್ನು ಗಾಡಿ ಹತ್ತಿಸಿತು.

ಖಾನಾಪುರ ಮುಟ್ಟಿದಾಗ ಹೊತ್ತು ಏರಿತ್ತು. ಪಾಂಡುರಂಗ ನೀರು ತಂದುಕೊಟ್ಟ. ಬಸವಣ್ಣೆವ್ವ ಬೇಡವೆಂದಳು. ಪೂಜೆ ಇನ್ನೂ ಆಗಿಲ್ಲ, ಲಿಂಗ ಹಿಡಿಯುವ ಎಡಗೈ ನಿಲ್ಲುತ್ತಿಲ್ಲ ಎಂದು ಗಂಗಾದೇವಿ ಬಿಡಿಸಿ ಹೇಳಿದಳು. ಎಡಗೈಯ ಮಾತು ಅವನಿಗೆ ತಿಳಿದದ್ದು ಆಗಲೇ. ಅವನು ತಂಬಿಗೆಯನ್ನು ಸುಮ್ಮನೆ ಒಳಗಿಟ್ಟು ಬಂದು ಮಣ್ಣು ತಟ್ಟತೊಡಗಿದ.

ಮೂರು ಸಲ ತೋಳು ಇಟ್ಟರೂ ಗುರುತು ಕಲಸಿಹೋಯಿತು. “ಆಯಿ, ಹಿಂಗ ಅಲಗಿದ್ರ ಹೊಳಿ ಹರದಂಗ ಅಕ್ಕೈತಿ. ಎರಡೂ ಬಾಜು ಹಿಡೀಬೇಕು.” ಗಂಗಾದೇವಿ ಮೊಳಕೈ ಒತ್ತಿ ಹಿಡಿದಳು. ಮಣಿಕಟ್ಟಿಗೆ ಇನ್ನೊಬ್ಬರು ಬೇಕು. ಅಲ್ಲಿ ಪಾಂಡುರಂಗನನ್ನು ಬಿಟ್ಟು ಯಾರೂ ಇರಲಿಲ್ಲ. ಲಿಂಗವಿಲ್ಲದವರ ಕೈ ನೀರನ್ನು ಬಸವಣ್ಣೆವ್ವ ಜನ್ಮದಲ್ಲಿ ಮುಟ್ಟಿದವಳಲ್ಲ ಎಂಬುದು ಗಂಗಾದೇವಿಗೆ ಗೊತ್ತು. ಅತ್ತೆ ಕುಂಬಾರನ ಮಣ್ಣು ಮೆತ್ತಿಕೊಂಡ ಬೆರಳುಗಳನ್ನು ನೋಡುತ್ತಿದ್ದಳು.

“ಹಿಡೀಪಾ” ಎಂದಳು. “ದಿನಾ ಮಣ್ಣು ಹಿಡಿಯೂ ಕೈ. ಗಟ್ಟಿ ಇರತೈತಿ.”

ಅವನು ಎರಡೂ ಕೈಯಿಂದ ಮಣಿಕಟ್ಟು ಹಿಡಿದ. ನಡುಕ ಅವನ ಕೈಗೂ ಹತ್ತಿತು, ಅವನು ಬಿಡಲಿಲ್ಲ. ಮೂವರೂ ಉಸಿರು ಹಿಡಿದು ಒತ್ತಿದರು. ತೋಳು ಎತ್ತಿದಾಗ ಮಣ್ಣಿನಲ್ಲಿ ಎಡಗೈಯ ತಗ್ಗು ತಿಳಿಯಾಗಿ ಮೂಡಿತ್ತು, ಹೆಬ್ಬೆರಳು ಇರಬೇಕಾದ ಕಡೆಗೇ.

“ಪೀಠದ ಬಾಜೂಕ ಒಂದು ತೂತು ಇಡು” ಎಂದಳು ಗಂಗಾದೇವಿ. “ಒಳಗ ಹೊಳಿ ಉಸುಕು ತುಂಬ್ತೀನಿ. ಹಗರ ಇದ್ರ ಕೈ ಜೋಡಿ ಅದೂ ನಡಗತೈತಿ.”

“ಇದನ್ನ ಮೊದಲನೇ ಸಲಾನ ಹೇಳಬೇಕಿಲ್ರಿ ವೈನಿ?”

“ಮೊದಲನೇ ಸಲ ನನಗ ಯಾವ ಕೈ ಅನ್ನೂದ ಗೊತ್ತಿರಲಿಲ್ಲ.”

ಪಾಂಡುರಂಗ ಭಟ್ಟಿ ತುಂಬುವ ತನಕ ಕಾಯಲಿಲ್ಲ. ಮಣ್ಣು ಒಣಗಿದ್ದೇ ಅರ್ಧ ತುಂಬಿದ ಭಟ್ಟಿಗೇ ಬೆಂಕಿ ಕೊಟ್ಟ. ಸಂಕ್ರಾಂತಿಗೆ ನಾಲ್ಕು ದಿನ ಮೊದಲು ಎರಡನೇ ಹಂಚು ಅನಗೋಳಕ್ಕೆ ಬಂತು. ಮೊದಲಿನದು ಅಷ್ಟರಲ್ಲಿ ಒಲೆಯ ಪಕ್ಕ ಸವಟು ಇಡುವ ಜಾಗವಾಗಿತ್ತು.

ಮರುದಿನ ಬೆಳಿಗ್ಗೆ ಬಸವಣ್ಣೆವ್ವ ಮಣೆಯ ಮೇಲೆ ಕೂತು ತೋಳನ್ನು ಹಂಚಿನಲ್ಲಿಟ್ಟಳು. ಬೆರಳ ತುದಿಗಳು ನಡುಗುತ್ತಿದ್ದವು. ಅಂಗೈ ನಡುಗುತ್ತಿರಲಿಲ್ಲ. ಅವಳು ಸ್ವಲ್ಪ ಹೊತ್ತು ಬರಿದಾದ ಅಂಗೈಯನ್ನೇ ನೋಡಿದಳು. ಆಮೇಲೆ ಕರಡಿಗೆ ಬಿಚ್ಚಿದಳು. ಗಂಗಾದೇವಿ ಬಾಗಿಲ ಮರೆಗೆ ಸರಿದು ನಿಂತಳು. ಒಳಗಿನಿಂದ ನೀರು ತಟ್ಟೆಗೆ ಬೀಳುವ ಸದ್ದು ಒಂದೇ ಸಮನೆ ಕೇಳಿತು.

ಗುರುಪುತ್ರಪ್ಪ ಇನ್ನೂ ಪೇಟೆಗೆ ಹೊರಟಿರಲಿಲ್ಲ. ಅಷ್ಟರಲ್ಲೇ ಬಸವಣ್ಣೆವ್ವ ಹಣೆಗೆ ವಿಭೂತಿ ಧರಿಸಿ ಹೊರಗೆ ಬಂದು, ಗೋಡೆಗೆ ಒರಗಿ ಕಾಲು ಚಾಚಿ ಕೂತಳು.

“ರೊಟ್ಟಿ ಆಗ್ಯಾವೇನ?”

ಗಂಗಾದೇವಿ ಒಲೆಯ ಕಡೆ ನೋಡಿದಳು. ಎರಡೂವರೆ ತಿಂಗಳ ರೂಢಿಯಂತೆ ಅದು ತಣ್ಣಗಿತ್ತು. ಹಿಟ್ಟನ್ನೂ ಕಲಸಿರಲಿಲ್ಲ. “ಈಗ ಹೊತ್ತಸ್ತೀನ್ರಿ ಅತ್ತೀ” ಎಂದು ಕಟ್ಟಿಗೆ ಎಳೆದುಕೊಂಡಳು.

“ಎಲ್ಲಾ ಮಾಡಿದಿ, ಒಲಿ ಹಚ್ಚೂದ ಮರತಿ” ಎಂದಳು ಬಸವಣ್ಣೆವ್ವ. “ಜಲ್ದಿ ಮಾಡವ್ವಾ. ಹಸದೇನಿ.”