ನಮ್ಮ ಸೊಸೆಯ ಕೆಟ್ಟ ಟೈಮು

ನಾನು ಗಡಿಯಾರ ನೋಡಬಲ್ಲೆ. ಮೂರನೆಯ ಇಯತ್ತೆ ಓದಿದವಳಿಗೆ ಅಷ್ಟಾದರೂ ಬರಬೇಕು. ಸಣ್ಣ ಮುಳ್ಳು ಗಂಟೆಗೆ, ದೊಡ್ಡ ಮುಳ್ಳು ನಿಮಿಷಕ್ಕೆ. ಆದರೆ ಆ ಮೂರನೆಯ ಮುಳ್ಳು, ತೆಳ್ಳಗೆ, ಕೆಲಸವಿಲ್ಲದವರ ಹಾಗೆ ಸುತ್ತು ಹಾಕುತ್ತಿರುತ್ತದಲ್ಲ, ಅದನ್ನು ಬರೀ ಚೆಂದಕ್ಕೆ ಇಟ್ಟಿದ್ದಾರೆ ಎಂದೇ ತಿಳಿದಿದ್ದೆ. ಒಂದು ಮನೆಯ ಸುಖದುಃಖ ಆ ಮುಳ್ಳಿನ ತುದಿಯಲ್ಲಿ ನೇತಾಡಬಹುದು ಎಂದು ಗೊತ್ತಾದದ್ದು ರೇಣುಕಾ ನಮ್ಮ ರಾಯಚೂರಿನ ಮನೆಗೆ ಸೊಸೆಯಾಗಿ ಬಂದ ಮೇಲೆ.

ರೇಣುಕಾ ದೇವದುರ್ಗದ ಕಡೆಯವಳು, ಕೃಷ್ಣಾ ದಂಡೆಯ ಗೂಗಲ್ ಎಂಬ ಹಳ್ಳಿಯ ಹುಡುಗಿ. ಸಣ್ಣವಳಿದ್ದಾಗಲೇ ಅವರಪ್ಪ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಹೊಳೆಗೆ ಬಿಟ್ಟನಂತೆ. ನಾನು ಮಾನ್ವಿ ಕಡೆಯವಳು. ನನಗೂ ನೀರಿಗೂ ಇರುವ ನಂಟು ಕಾಲುವೆ ದಂಡೆ, ಬಂಡೆಗಲ್ಲು, ಬಟ್ಟೆ ಗಂಟು, ಅಷ್ಟೇ. ಇವಳು ಸಿರವಾರದಲ್ಲಿ ಶಾಲೆ ಟೀಚರು, ನೌಕರರ ಕ್ರೀಡಾಕೂಟದಲ್ಲಿ ಈಜುವವಳು. ದೂರದ ಈಜಲ್ಲ. ಈಜುಕೊಳದ ಈ ತುದಿಯಿಂದ ಆ ತುದಿಗೆ, ಹುಲಿ ಬೆನ್ನು ಹತ್ತಿದಂತೆ ಹೋಗಿ ಗೋಡೆ ಮುಟ್ಟುವುದು. ಅದರ ಹೆಸರು ಫ್ರೀಸ್ಟೈಲ್. ಹಾಗೆಂದರೆ ನಿನ್ನ ಇಷ್ಟದಂತೆ ಈಜು ಎಂದು ಅರ್ಥವಂತೆ. ಇಷ್ಟದಂತೆ ಈಜು ಎಂದು ಹೇಳಿ, ದಂಡೆಯ ಮೇಲೆ ಒಬ್ಬ ಕೋಚನ್ನು ನಿಲ್ಲಿಸಿ, ಕೈ ಹೀಗಿಡು, ಕುತ್ತಿಗೆ ಹಾಗಿಡು ಎಂದು ಬೈಸುತ್ತಾರೆ. ನಮ್ಮ ಕಾಲದಲ್ಲಿ ಮದುವೆಗೆ ಮುಂಚೆ ಹುಡುಗಿಯ ಇಷ್ಟ ಕೇಳುತ್ತಿದ್ದರಲ್ಲ, ಹಾಗೆ.

ನನ್ನ ಮೊಮ್ಮಗಳು ಗೌರಿಗೆ ಎರಡು ತುಂಬಿದ ವರ್ಷದ ಮಾತು. ನಾನು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. ಒಳಗೆ ರೇಣುಕಾ ಕೋಚ್ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು.

"ಇಲ್ರೀ ಸರ್, ನನ್ನ ಟೈಮೇ ಸರಿ ಇಲ್ಲ. ಹಡದ ಮ್ಯಾಲಂತೂ ಭಾಳ ಕೆಟ್ಟದ."

ಮೊರ ಕೈಯಲ್ಲೇ ನಿಂತಿತು. ಹಡೆದದ್ದು ಯಾರನ್ನು? ನಮ್ಮ ಗೌರಿಯನ್ನು. ಆ ಕೂಸು ಹುಟ್ಟಿದ ವಾರವೇ ನಮ್ಮ ಒಣಗಿದ ಬೋರಿಗೆ ನೀರು ಬಂದಿದೆ. ಅದು ನಕ್ಕರೆ ಎದುರು ಮನೆಯ ಮುಂಗೋಪಿ ಮುದುಕನೂ ನಗುತ್ತಾನೆ. ಅಂಥ ಕೂಸಿನ ಕಾಲ್ಗುಣಕ್ಕೆ ಹೆತ್ತವಳೇ ಕೆಟ್ಟ ಹೆಸರಿಡುವುದೇ? ನನಗೆ ಊಟ ಸೇರಲಿಲ್ಲ. ಆದರೆ ಸೊಸೆಯನ್ನು ನೇರವಾಗಿ ಕೇಳಿದರೆ ಅತ್ತೆಯ ಗತ್ತು ಏನಾಗಬೇಕು? ಮರುದಿನ ತೆಂಗಿನಕಾಯಿ ಹಿಡಿದು ಮಠದ ಅಯ್ಯನವರ ಹತ್ತಿರ ಹೋದೆ.

"ಕೂಸಿನ ಟೈಮ್ ಹೆಂಗದರೀ ಅಯ್ಯನವರ? ತಾಯಿಗೆ ಏನರ ಕಾಡ್ತದೇನು?"

ಅವರು ಬೆರಳು ಮಡಚಿ ಎಣಿಸಿದರು. "ಕೂಸಿಂದು ಬಂಗಾರದಂಥ ಟೈಮ್ ಅದವ್ವಾ. ತಾಯಿಂದು ಸ್ವಲ್ಪ ಭಾರ ಅದ. ಇಳೀತದ, ತಗೋ."

ಅವಳಿಗೆಂದು ಒಂದು ಕರಿದಾರ ಮಂತ್ರಿಸಿಕೊಂಡು ಬಂದೆ. ಸಂಜೆ ರೇಣುಕಾ ಬಸ್ಸಿಳಿದು ಬಂದೊಡನೆ ಗಂಭೀರವಾಗಿ ಹೇಳಿದೆ: "ಚಿಂತಿ ಮಾಡಬ್ಯಾಡ. ನಿನ್ನ ಟೈಮ್ ಇಳೀತದಂತ."

ಅವಳ ಮುಖ ಅರಳಿತು. "ಖರೇನ್ರೀ ಅತ್ತಿ? ಯಾರಂದ್ರು, ಕೋಚ್ ಸರ್ ಬಂದಿದ್ರೇನು?"

"ಮಠದ ಅಯ್ಯನವರು ಅಂದ್ರು."

"ಅವರೂ ಈಸ್ತಾರೇನ್ರೀ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ವಿಷಯ ಬಿಚ್ಚಿಕೊಂಡಂತೆ ಅವಳು ನಗುತ್ತ ನಗುತ್ತ ಹೊಸ್ತಿಲ ಮೇಲೆ ಕುಳಿತೇಬಿಟ್ಟಳು. ತಪ್ಪು ನನ್ನದಲ್ಲ, ಆ ಶಬ್ದದ್ದು. ಊಟಕ್ಕೂ ಟೈಮು, ಬಸ್ಸಿಗೂ ಟೈಮು, ಶನಿ ಹಿಡಿದರೂ ಟೈಮು. ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಪೊಟ್ಟಣಕ್ಕೂ ಟೈಂಪಾಸ್ ಎಂದು ಕೂಗುತ್ತಾರೆ. ಒಂದೇ ಕೊಡದಲ್ಲಿ ನೀರು, ಮಜ್ಜಿಗೆ, ಎಣ್ಣೆ ಎಲ್ಲ ಹೊತ್ತರೆ ನಡುವೆ ಎಡವಿದವರು ಏನು ಮಾಡಬೇಕು?

ನಗು ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು. "ಮದುವಿಗೆ ಮೊದಲ ನಂದೊಂದು ಟೈಮ್ ಇತ್ರೀ ಅತ್ತಿ, ಆ ಗ್ವಾಡಿ ಮುಟ್ಟಾಕ. ಗೌರಿ ಹುಟ್ಟಿದ ಮ್ಯಾಲೆ ಮೈ ಬ್ಯಾರೆ ಆತು. ಹೋದ ಟೈಮ್ ಮತ್ತ ಬರೂದಿಲ್ಲ ಬಿಡವ್ವಾ ಅಂತಾರ ಎಲ್ಲಾರೂ. ಈ ಸಲದ ಕೂಟದಾಗ ಅದಕ್ಕಿಂತ ಕಡಿಮಿ ಮಾಡಬೇಕು. ಆಗಲಿಲ್ಲಂದ್ರ ಈಸೂದು ಬಿಟ್ಟುಬಿಡ್ತೀನಿ."

ಅವಳು ಬಿಡುತ್ತೇನೆ ಎಂದದ್ದು ನನ್ನ ಎದೆಗೆ ನಾಟಿತು. ಕೆಲವರು ಸೀರೆ ಉಟ್ಟರೆ ಚೆಂದ, ಕೆಲವರು ಹಾಡಿದರೆ ಚೆಂದ. ಇವಳು ಒದ್ದೆ ತಲೆಯಲ್ಲಿ ಮನೆಗೆ ಬಂದರೆ ಚೆಂದ.

ಅಂದಿನಿಂದ ಬೆಳಿಗ್ಗೆ ಗೌರಿಯನ್ನು ಸೊಂಟಕ್ಕೇರಿಸಿಕೊಂಡು ನಾನೂ ಕೊಳಕ್ಕೆ ಹೊರಟೆ. ಬ್ಲೀಚಿಂಗ್ ಪುಡಿಯ ವಾಸನೆಯಲ್ಲಿ ಕುಳಿತು ನನಗೂ ನಾಲ್ಕು ವಿದ್ಯೆ ಬಂದವು. ವೇಗ ಬೇಕೆಂದು ನೀರನ್ನು ಬಡಿಯಬಾರದು; ಹೊಸದಾಗಿ ರೊಟ್ಟಿ ಕಲಿಯುವವರು ಬಡಿಯುವುದೇ ಜಾಸ್ತಿ, ರೊಟ್ಟಿ ಹರಿಯುತ್ತದೆ. ಇದನ್ನು ರೇಣುಕಾಗೆ ಹೇಳಿದರೆ, "ಹಂಗಾದ್ರ ನಾಳಿಂದ ಕೋಚ್ ಸರ್‌ಗೆ ರೊಟ್ಟಿ ಬಡಿಯಾಕ ಹಚ್ಚೂಣ್ರೀ" ಎಂದಳು. ಇನ್ನೊಂದು, ದಿನವಿಡೀ ಈಜಿದರೆ ವೇಗ ಬರುವುದಿಲ್ಲವಂತೆ. ಇದ್ದ ಬಲವನ್ನೆಲ್ಲ ಹಾಕಿ ಒಂದು ಸಲ ಹೋಗುವುದು, ಆಮೇಲೆ ಗೋಡೆ ಹಿಡಿದು ದಣಿವು ಪೂರಾ ಇಳಿಯುವ ತನಕ ಸುಮ್ಮನೆ ನಿಲ್ಲುವುದು, ಮತ್ತೆ ಹೋಗುವುದು. ನಿಲ್ಲುವುದೂ ಕೆಲಸವೇ. ಈ ಮಾತು ನಾನು ಸೊಸೆಯಾಗಿದ್ದಾಗ ನಮ್ಮತ್ತೆಗೆ ಯಾರಾದರೂ ಹೇಳಬೇಕಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಅವಳ ಕುತ್ತಿಗೆ. ತಲೆ ಎತ್ತಿದರೆ ಕಾಲು ಮುಳುಗುತ್ತದೆ, ಕಾಲು ಮುಳುಗಿದರೆ ಟೈಮು ಏರುತ್ತದೆ. ಇವಳು ಎರಡು ಕೈ ಹಾಕಿದರೆ ಒಮ್ಮೆ ತಲೆ ಎತ್ತಿ ಮುಂದೆ ನೋಡುತ್ತಿದ್ದಳು. ಹೊಳೆಯಲ್ಲಿ ಈಜಿದವರ ರೂಢಿ. ಅಲ್ಲಿ ನೋಡದಿದ್ದರೆ ಮೊಸಳೆ ನೋಡಿಕೊಳ್ಳುತ್ತದೆ.

"ಇಲ್ಲಿ ಮೊಸಳಿ ಎಲ್ಲದ ರೇಣೂ?" ಎಂದೆ ಒಮ್ಮೆ.

"ಇಲ್ಲಂತ ನನಗ ಗೊತ್ತದರೀ ಅತ್ತಿ. ಕುತ್ತಿಗಿಗೆ ಗೊತ್ತಿಲ್ಲ."

ಕುತ್ತಿಗೆಗೆ ಬುದ್ಧಿ ಹೇಳುವುದರಲ್ಲೇ ಒಂದು ಬೇಸಿಗೆ ಕಳೆಯಿತು.

ಕೂಟದ ದಿನ ನಾನು ಒಳ್ಳೆಯ ಜಾಗ ಹಿಡಿದು ಕುಳಿತಿದ್ದೆ. ಪಕ್ಕದ ಹೆಣ್ಣುಮಗಳು ಗೌರಿಯ ಕೆನ್ನೆ ಮುಟ್ಟಿ, "ಕೂಸು ಭಾಳ ಚುರುಕದ" ಎಂದಳು. ಇಂಥ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಅಜ್ಜಿ ಇನ್ನೂ ಹುಟ್ಟಿಲ್ಲ. ಗೌರಿ ಮೊದಲ ಸಲ ಅಜ್ಜಿ ಎಂದದ್ದನ್ನು ಹೇಳಲು ಶುರು ಮಾಡಿದೆ. ಸೀಟಿ ಕೇಳಿಸಿತು. ನೀರಿನ ಸದ್ದೂ ಕೇಳಿಸಿತು. ಮಾತು ಮುಗಿಸಿ ತಿರುಗಿದರೆ ಎಲ್ಲರೂ ಆ ತುದಿಯ ಗೋಡೆ ಹಿಡಿದು ನಿಂತಿದ್ದರು. ಒಂದು ವರ್ಷ ಕೊಳದ ದಂಡೆಯಲ್ಲಿ ಕುಳಿತವಳು ಬೇಕಾದ ಆ ಒಂದೇ ಗಳಿಗೆಯನ್ನು ನೋಡಲಿಲ್ಲ.

ಮೊದಲು ಗೋಡೆ ಮುಟ್ಟಿದ್ದು ಲಿಂಗಸುಗೂರಿನ ಕಡೆಯ ಒಂದು ಎಳೆಯ ಹುಡುಗಿ. ರೇಣುಕಾ ಎರಡನೆಯವಳು. ಆದರೆ ಅವಳು ಆ ಹುಡುಗಿಯನ್ನು ನೋಡುತ್ತಿರಲಿಲ್ಲ, ಕೋಚ್ ಕೈಯಲ್ಲಿದ್ದ ಗಡಿಯಾರವನ್ನು ನೋಡುತ್ತಿದ್ದಳು. ಅವರು ಎರಡು ಸಲ ನೋಡಿ, "ಇಳದದ ನೋಡವ್ವಾ. ಹಳೇದಕ್ಕಿಂತ ಕೂದಲೆಳಿಯಷ್ಟು ಕಡಿಮಿ" ಎಂದರು. ರೇಣುಕಾ ಮುಖವನ್ನು ನೀರಿನೊಳಗೆ ಮುಳುಗಿಸಿಕೊಂಡಳು. ಅತ್ತದ್ದು ಗೊತ್ತಾಗಬಾರದೆಂದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಓಣಿಗೆಲ್ಲ ಪೇಡಾ ಹಂಚಿದೆ. ಮೂಲೆ ಮನೆಯ ಮಹಾದೇವಮ್ಮ ಎರಡು ತಿಂದು ಕೇಳಿದಳು: "ಫಸ್ಟ್ ಬಂದಳೇನು ಸೊಸಿ?"

"ಇಲ್ಲ, ಎರಡನೇದು."

"ಮತ್ತ ಇಷ್ಟ್ಯಾಕ ಸಂಭ್ರಮ? ಯಾರನ್ನ ಸೋಲಿಸ್ಯಾಳ?"

"ನಮ್ಮ ಮನಿಗೆ ಬರೂಕಿಂತ ಮೊದಲಿನ ರೇಣುಕಾನ್ನ" ಎಂದೆ. ಮಹಾದೇವಮ್ಮ ನನ್ನನ್ನು ಒಂದು ಥರ ನೋಡಿ ಮೂರನೆಯ ಪೇಡಾ ತೆಗೆದುಕೊಂಡಳು.

ಹೇಳಿದ ಮೇಲೆ ನನಗೇ ಮನಸ್ಸು ಸ್ವಲ್ಪ ಕಸಿವಿಸಿಯಾಯಿತು. ಆ ಹಳೆಯ ಹುಡುಗಿಯೂ ಪಾಪ, ಎಷ್ಟು ಈಜಿ ಆ ಟೈಮು ಗಳಿಸಿದ್ದಳೋ. ಒಳಗೆ ಹೋಗಿ ರೇಣುಕಾಳ ಅಂಗೈಯಲ್ಲಿ ಎರಡು ಪೇಡಾ ಇಟ್ಟೆ.

"ಎರಡ್ಯಾಕ್ರೀ ಅತ್ತಿ?"

"ಒಂದು ಗೆದ್ದಾಕಿಗೆ. ಇನ್ನೊಂದು ಸೋತಾಕಿಗೆ. ಆಕಿನೂ ನಮ್ಮ ಮನ್ಯಾಕೀನ ಅಲ್ಲೇನು?"