ಪೀಪಿ ಮೇಷ್ಟ್ರ ಇನ್ನೂರು ಕಿಲೋಮೀಟರ್

ವ್ಯಾಯಾಮದ ಮೇಷ್ಟ್ರೆಂದರೆ ವ್ಯಾಯಾಮ ಮಾಡಿಸುವವರೇ ಹೊರತು ಮಾಡುವವರಲ್ಲ ಎಂಬ ತತ್ವವನ್ನು ಪೀಪಿ ಮೇಷ್ಟ್ರು ಮೂವತ್ತು ವರ್ಷ ಶ್ರದ್ಧೆಯಿಂದ ಪಾಲಿಸಿದ್ದರು. ಶಾಲೆಯ ಮೈದಾನದಲ್ಲಿದ್ದ ಒಂದೇ ಮರದ ನೆರಳು ಅವರದು, ಬಿಸಿಲೆಲ್ಲ ಮಕ್ಕಳದು. ಯಾರಾದರೂ ಹೊಟ್ಟೆನೋವು, ಜ್ವರ ಎಂದರೆ "ನಾಟಕ ಬೇಡ, ಓಡು" ಎಂದು ಪೀಪಿ ಊದುವರು. ಅವರ ವೈದ್ಯಶಾಸ್ತ್ರ ಅಲ್ಲಿಗೆ ಮುಗಿಯುತ್ತಿತ್ತು.

ನಿವೃತ್ತಿಯಾದ ಮೇಲೆ ಪೀಪಿಗೆ ಕೆಲಸವಿಲ್ಲದಾಯಿತು. ಹೆಂಡತಿಯ ಮೇಲೆ ಒಮ್ಮೆ ಪ್ರಯೋಗಿಸಿ ನೋಡಿದರು. ಎರಡನೆಯ ಸಲ ಧೈರ್ಯ ಬರಲಿಲ್ಲ. ಹೊತ್ತು ಹೋಗದೆ, ಅರವತ್ತು ದಾಟಿದವರ ಸೈಕಲ್ ಸಂಘ ಸೇರಿದರು. ಅರ್ಧ ಗಂಟೆ ಪೆಡಲ್ ತುಳಿದು ಒಂದು ಗಂಟೆ ಟೀ ಕುಡಿಯುವುದನ್ನು ಆ ಸಂಘದವರು ಅಭ್ಯಾಸ ಎಂದು ಕರೆಯುತ್ತಿದ್ದರು. ಇಂಥವರಿಗೆ ಒಂದು ದಿನ ಲೋಕಸೇವೆಯ ಹುಮ್ಮಸ್ಸು ಬಂದು, ಒಂದೇ ಹಗಲಿನಲ್ಲಿ ಇನ್ನೂರು ಕಿಲೋಮೀಟರ್ ಸೈಕಲ್ ಸವಾರಿ ಎಂದು ಸಾರಿಬಿಟ್ಟರು. ಉದ್ದೇಶವೇನೋ ಚೆನ್ನಾಗಿಯೇ ಇತ್ತು. ಊರಿನ ಆಸ್ಪತ್ರೆಯಲ್ಲಿ, ನಡೆಯಲು ಕಷ್ಟಪಡುವ ಮಕ್ಕಳಿಗೆ ವ್ಯಾಯಾಮ ಮಾಡಿಸಲು ಒಂದು ಕೋಣೆ ಕಟ್ಟಿಸಬೇಕಿತ್ತು. ಪ್ರತಿ ಸವಾರನೂ ತನ್ನ ಪರಿಚಯದವರಿಂದ ದೇಣಿಗೆ ಒಪ್ಪಿಸಿಕೊಂಡು ಬರಬೇಕು.

"ಹಾಲು ತರೋಕೆ ಹೋಗಿ ಬಂದ್ರೆ ಮಂಡಿ ಹಿಡ್ಕೊಂಡು ಕೂರ್ತೀರಿ. ಇನ್ನೂರು ಕಿಲೋಮೀಟರಂತೆ!" ಎಂದು ಹೆಂಡತಿ ಮೂಗು ಮುರಿದರು.

ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೆಯ ವಿದ್ಯಾರ್ಥಿಗಳ ಮೊಬೈಲ್ ಗುಂಪಿನಲ್ಲಿ ವಿಷಯ ಹಾಕಿದ್ದೇ ತಡ, ಕೊಡುತ್ತೇವೆ ಎನ್ನುವವರು ಮುಗಿಬಿದ್ದರು. ಸಂಘದ ಉಳಿದವರಿಗೆಲ್ಲ ಸೇರಿಯೂ ಅಷ್ಟು ಬಂದಿರಲಿಲ್ಲ. ಕೋಣೆ ಏಳುವುದಿದ್ದರೆ ಮೇಷ್ಟ್ರ ದೇಣಿಗೆಯಿಂದಲೇ ಏಳಬೇಕು.

"ನೋಡಿದ್ಯಾ, ನನ್ನ ಕಂಡ್ರೆ ಮಕ್ಕಳಿಗೆ ಎಷ್ಟು ಪ್ರೀತಿ!" ಎಂದು ಎದೆಯುಬ್ಬಿಸಿದರು.

ಹೆಂಡತಿ ಮೊಬೈಲ್ ಇಸಿದುಕೊಂಡು ಜೋರಾಗಿ ಓದಿದರು: "'ಮೇಷ್ಟ್ರು ಬಿಸಿಲಲ್ಲಿ ಬೆವರೋದು ನೋಡೋಕೆ ಎಷ್ಟು ಬೇಕಾದ್ರೂ ಕೊಡೋಣ. ಆದ್ರೆ ಪೂರ್ತಿ ಮುಗಿಸಬೇಕು. ಅರ್ಧಕ್ಕೆ ನಿಂತ್ರೆ ಬಿಡಿಗಾಸೂ ಇಲ್ಲ.' ಎಲ್ರೂ ಇದಕ್ಕೆ ಹೂಂ ಅಂದಿದಾರೆ. ಪ್ರೀತಿ ಉಕ್ಕಿ ಹರೀತಿದೆ ಬಿಡಿ."

ಮೇಷ್ಟ್ರ ಮುಖ ಸಣ್ಣಗಾಯಿತು. ಆದರೆ ಅಷ್ಟು ಹೊತ್ತಿಗೆ ಆಸ್ಪತ್ರೆಯವರು ಕೋಣೆಗೆ ಜಾಗ ಗುರುತು ಹಾಕಿ ಆಗಿತ್ತು, ಹಿಂದೆ ಸರಿಯುವಂತಿರಲಿಲ್ಲ.

ಸವಾರಿಯ ದಿನ ಸಂಘದ ಘಟಾನುಘಟಿಗಳು ಐವತ್ತನೆಯ ಕಿಲೋಮೀಟರ್ ಕಾಣುವ ಮೊದಲೇ ಫೋಟೋ ತೆಗೆಸಿಕೊಂಡು ಹಿಂದೆ ಬರುತ್ತಿದ್ದ ವ್ಯಾನು ಹತ್ತಿದರು. ಸಂಘದ ಅಧ್ಯಕ್ಷರಂತೂ ವ್ಯಾನಿನ ಕಿಟಕಿಯಿಂದಲೇ ಉಳಿದವರಿಗೆ ಸ್ಫೂರ್ತಿ ತುಂಬುತ್ತಾ ಹೋದರು. ಮೇಷ್ಟ್ರು ಮಾತ್ರ ಹಲ್ಲು ಕಚ್ಚಿ ತುಳಿದರು. ಬಲಮಂಡಿ ಬೆಳಿಗ್ಗೆಯೇ ಕೈಕೊಟ್ಟಿತ್ತು. ನೂರೈವತ್ತನೆಯ ಕಿಲೋಮೀಟರಿನ ತಪಾಸಣೆ ಡೇರೆ ತಲುಪುವ ಹೊತ್ತಿಗೆ ಜೀವ ಬಾಯಿಗೆ ಬಂದಿತ್ತು.

ಅಲ್ಲಿದ್ದ ಡಾಕ್ಟರಮ್ಮ ಊದಿದ ಮಂಡಿಯನ್ನು ಒತ್ತಿ ನೋಡಿದಳು.

"ಏನೂ ಆಗಿಲ್ಲಮ್ಮ, ನೋವೇ ಇಲ್ಲ. ಬಿಡು, ಹೊತ್ತಾಯ್ತು" ಎಂದರು ಮೇಷ್ಟ್ರು.

"ನನ್ನ ಗುರುತು ಸಿಗ್ಲಿಲ್ವಾ ಸಾರ್? ಸ್ಕೂಲಲ್ಲಿ ಒಂದಿನ ಪಾದ ನೋಯ್ತಿದೆ ಅಂದಿದ್ದೆ. ನೀವು ಮೈದಾನ ಪೂರ್ತಿ ಓಡಿಸಿದ್ರಿ. ಮಾರನೇ ದಿನ ನೋಡಿದ್ರೆ ಮೂಳೆ ಬಿರುಕು ಬಿಟ್ಟಿತ್ತು." ಅವಳ ದನಿಯೇನೂ ಏರಲಿಲ್ಲ. "ಅವತ್ತು ನೋವಿದೆ ಅಂದ್ರೆ ನೀವು ನಂಬ್ಲಿಲ್ಲ. ಇವತ್ತು ನೋವಿಲ್ಲ ಅಂತಿದೀರಿ, ನಾನು ನಂಬಬೇಕಾ?"

ಮೇಷ್ಟ್ರಿಗೆ ಮುಖ ನೆನಪಾಗಲಿಲ್ಲ, ಬ್ಯಾಂಡೇಜು ನೆನಪಾಯಿತು. ಕಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿಸಿಕೊಂಡು ಶಾಲೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಹುಡುಗಿ. ಓಡುವುದು ತಪ್ಪಿಸಿಕೊಳ್ಳಲು ಏನೆಲ್ಲ ಮಾಡುತ್ತಾರಪ್ಪ ಎಂದು ಆಗಲೂ ಅಂದುಕೊಂಡಿದ್ದರು. ಈಗ ನಾಚಿಕೆಯಿಂದ ಕುಗ್ಗಿಹೋದರು.

"ಇನ್ನೂ ತುಳಿದ್ರೆ ಈ ಮಂಡಿ ಹೋಗತ್ತೆ. ನಿಜ ಹೇಳಿ, ನೋಯ್ತಿದೆಯಾ?"

ಹೌದೆಂದರೆ ಕೋಣೆ ಹೋಯಿತು. ಇಲ್ಲವೆನ್ನಲು ಅವಳೆದುರು ನಾಲಿಗೆ ಹೊರಳಲಿಲ್ಲ.

"ನೋಯ್ತಿದೆಯಮ್ಮ. ಬೆಳಿಗ್ಗೆಯಿಂದ. ತುಂಬಾ."

ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಬರೆದರು: ಮಂಡಿ ನೋಯ್ತಿದೆ, ನನ್ನ ಕೈಲಾಗಲ್ಲ. ನನ್ನ ಮೇಲಿನ ಸಿಟ್ಟನ್ನ ಆ ಮಕ್ಕಳ ಮೇಲೆ ತೀರಿಸ್ಕೋಬೇಡಿ.

"ಅಯ್ಯೋ ಪಾಪ, ಜ್ವರಾನೂ ಬಂತಾ ಸಾರ್?" ಎಂದು ಒಬ್ಬ ಉತ್ತರ ಕೊಟ್ಟ. ಅದರ ಕೆಳಗೆ ನಗುವ ಮುಖಗಳ ಸಾಲೇ ಬಂತು.

ಡಾಕ್ಟರಮ್ಮ ತನ್ನ ಮೊಬೈಲ್ ತೆಗೆದು ಏನೋ ಒತ್ತಿದಳು. ಗುಂಪಿನಲ್ಲಿ ಅವಳೂ ಇದ್ದಳು. ಮೇಷ್ಟ್ರ ಮೊಬೈಲ್ ಸದ್ದು ಮಾಡಿತು: 'ನಾನು ಮುಟ್ಟಿ ನೋಡಿದೀನಿ. ಮೇಷ್ಟ್ರಿಗೆ ನಿಜವಾಗ್ಲೂ ನೋವಿದೆ. ನಾನು ಒಪ್ಪಿಕೊಂಡಿದ್ದನ್ನ ಪೂರ್ತಿ ಕೊಡ್ತೀನಿ.'

ಗುಂಪಿನಲ್ಲಿ ನಗು ನಿಂತಿತು. ಸ್ವಲ್ಪ ಹೊತ್ತಿಗೆ ಒಬ್ಬ ತಾನೂ ಕೊಡುವುದಾಗಿ ಬರೆದ, ಆಮೇಲೆ ಇನ್ನೊಬ್ಬಳು, ಆಮೇಲೆ ಜ್ವರ ವಿಚಾರಿಸಿದವನೇ. ಮೇಷ್ಟ್ರು ಅದನ್ನೆಲ್ಲ ನೋಡುತ್ತಿರಲಿಲ್ಲ. ಅವಳು ಬರೆದ 'ನಿಜವಾಗ್ಲೂ ನೋವಿದೆ' ಎಂಬ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದರು.

"ಇಷ್ಟು ಹೇಳೋಕೆ ಅವತ್ತು ನನಗೇನು ದಾಡಿಯಾಗಿತ್ತಮ್ಮ?"

"ಕಾಲು ಅಲ್ಲಾಡಿಸಬೇಡಿ ಸಾರ್" ಎಂದು ಅವಳು ಮಂಡಿಗೆ ಪಟ್ಟಿ ಸುತ್ತತೊಡಗಿದಳು.