ಎರಡು ಬೂದಿನೀಲಿ

ಹಿರೇಕೆರೂರಿನ ಮೆಣಸಿನಕಾಯಿ ಸಾವಕಾರ ಮಹಾಲಿಂಗಪ್ಪನವರು ಸೊಸೆ ಮನೆತುಂಬುವ ಮೊದಲೇ ನಡುಕೋಣೆಗೆ ಬಣ್ಣ ಬಳಿಸುವವರಿದ್ದರು. ಸೊಸೆ ಬಂದಳು, ಮೊಮ್ಮಗ ಹುಟ್ಟಿದ, ಜರ್ಮನಿಯ ಯುದ್ಧವೂ ಮುಗಿಯಿತು, ಬಣ್ಣ ಮಾತ್ರ ನಿಶ್ಚಯವಾಗಲಿಲ್ಲ. ಪ್ರತಿ ದೀಪಾವಳಿಗೆ ಬಣ್ಣ ಬಳಿಯುವ ಉಡಚಪ್ಪ ಸುಣ್ಣಕ್ಕೆ ನೀಲಿಯನ್ನೂ ಇದ್ದಿಲಪುಡಿಯನ್ನೂ ಬೆರೆಸಿ ಗೋಡೆಗೆ ಎರಡು ಪಟ್ಟೆ ಎಳೆಯುತ್ತಿದ್ದ. "ಇದು ಪಾರಿವಾಳದ ಕೊರಳು, ಅದು ಮದಗದ ಕೆರಿ ನೀರು, ಅವಸರ ಬ್ಯಾಡ," ಎನ್ನುವರು ಸಾವಕಾರರು. "ಎರಡೂ ಒಂದ ಗಡಿಗೀವ್ರಿ ಸಾವ್ಕಾರ್ರ. ಅದು ಒಣಗೇತಿ, ಇದು ಹಸಿ ಐತಿ." "ಹಂಗಾರ ಒಣಗಲಿ, ಮುಂದಿನ ಹಬ್ಬಕ್ಕ ನೋಡೂಣು." ಹೀಗೆ ಪಟ್ಟೆಗಳು ಗೋಡೆಯನ್ನೆಲ್ಲ ತುಂಬಿದರೂ, ಸಾವಕಾರರ ತೀರಿಹೋದ ಹೆಂಡತಿ ಹೊನ್ನವ್ವ ನಿತ್ಯವೂ ತಲೆಯಾನಿಸಿ ಕೂರುತ್ತಿದ್ದಲ್ಲಿ ಉಳಿದ ಎಣ್ಣೆಯ ಕಲೆಗೆ ಮಾತ್ರ ಕುಂಚ ತಾಕಿರಲಿಲ್ಲ. ಈ ಸಲ ಉಡಚಪ್ಪ ಆ ಕಲೆಗೆ ಎಡಗೈ ಅಡ್ಡಹಿಡಿದು, ಒಂದೇ ಗಡಿಗೆಯಿಂದ ಎರಡು ಪಟ್ಟೆ ಎಳೆದು ಹೇಳಿದ: "ಎರಡೂ ಬ್ಯಾರೆ ಬ್ಯಾರೆ ಬಣ್ಣ ಅದಾವ್ರಿ. ಸಾವಕಾಶ ನೋಡ್ರಿ."